ಒಂದು ಹೆಸರಿನ ಉದಯಾಸ್ತ

ಜಪಾನೀ ಭಾಷೆಯಲ್ಲಿ ‘ಸೊನ್’ ಎಂದರೆ ನಷ್ಟ. ಆ ಒಂದು ಉಚ್ಚಾರದ ಅಪಶಕುನಕ್ಕೆ ಅಂಜಿ 1932ರಲ್ಲಿ ಪುಟ್ಟ ಕಾರೊಂದರ ಹೆಸರನ್ನು ತಿದ್ದಿದರು. ಅಲ್ಲಿಯವರೆಗೆ ಅದು, ಇಂಗ್ಲಿಷಿನಲ್ಲಿ ‘ಮಗ’ ಎನ್ನುವ ಪದವನ್ನು ಬಾಲಕ್ಕೆ ಅಂಟಿಸಿಕೊಂಡು, ‘ದಟ್ಸೊನ್’ ಆಗಿತ್ತು. ತಿದ್ದಿದ ಮೇಲೆ ಮಗನ ಜಾಗದಲ್ಲಿ ಸೂರ್ಯ ಬಂದು ಕೂತ; ದಟ್ಸನ್ ಆಯಿತು. ಬಾವುಟದಲ್ಲೇ ಸೂರ್ಯನನ್ನು ಇಟ್ಟುಕೊಂಡ ದೇಶಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದಿದ್ದೀತು? ಮುಂದೆ ಆ ಹೆಸರು ಶಾಂತಸಾಗರವನ್ನು ದಾಟಿ ಅಮೆರಿಕದಲ್ಲಿ ಮನೆಮಾತಾಯಿತು. ಕಡೆಗೆ ಸ್ವಂತ ಮನೆಯವರ ಕೈಯಿಂದಲೇ ಅಳಿಸಿಹೋಯಿತು. ಈ ಕಥನ ಆ ಹೆಸರಿನದು, ಮತ್ತು ಅದನ್ನು ಹೆಗಲ ಮೇಲೆ ಹೊತ್ತು ನಡೆದ ಯುಟಾಕಾ ಕಟಯಾಮಾ ಅವರದು.

ಮೂಲದ ‘ದಾಟ್’ಗೂ ಒಂದು ಜಾತಕವಿದೆ. ಮಸುಜಿರೊ ಹಶಿಮೊಟೊ ಎಂಬ ಎಂಜಿನಿಯರ್ 1911ರಲ್ಲಿ ಟೋಕಿಯೊದಲ್ಲಿ ಕಾರ್ಖಾನೆ ತೆರೆದಾಗ ಬೆನ್ನಿಗೆ ನಿಂತವರು ಮೂವರು: ದೆನ್, ಅವೊಯಾಮಾ, ಟಕೆಉಚಿ. 1914ರಲ್ಲಿ ಸಿದ್ಧವಾದ ಕಾರಿಗೆ ಹಶಿಮೊಟೊ ತನ್ನ ಹೆಸರಿಡಲಿಲ್ಲ. ದುಡ್ಡು ಹಾಕಿದ ಮೂವರ ಮೊದಲಕ್ಷರಗಳನ್ನು ಪೋಣಿಸಿದರು. ಬೆಚ್ಚಿ ಓಟ ಕೀಳುವ ಮೊಲಕ್ಕೆ ಜಪಾನಿಯಲ್ಲಿ ‘ದಟ್ಟೊ’ ಎಂಬ ಮಾತಿರುವುದರಿಂದ ಹೆಸರಿಗೆ ವೇಗದ ಅರ್ಥವೂ ಕೂಡಿಬಂತು. ಕನ್ನಡದ ಕಿವಿಗೆ ಅದು ‘ದಾಟು’ ಎಂದು ಕೇಳಿಸಿದರೂ ಮುಂದಿನ ಕಥೆ ನೋಡಿದರೆ ತಪ್ಪೇನಿಲ್ಲ.

ಹಶಿಮೊಟೊ ಅವರ ಕನಸು ಕೈಯಿಂದ ಕೈಗೆ ಸಾಗಿ, ಕೊನೆಗೆ ಯೊಶಿಸುಕೆ ಐಕಾವಾ ಎಂಬ ಮಹಾ ಉದ್ಯಮಿಯ ಪಾಲಾಯಿತು. ಐಕಾವಾ ಅವರ ದೊಡ್ಡ ಹಿಡುವಳಿ ಕಂಪನಿಯ ಹೆಸರು ನಿಪ್ಪೊನ್ ಸಂಗ್ಯೊ. ಷೇರುಪೇಟೆಯವರು ಅದನ್ನು ಮೊಟಕು ಮಾಡಿ ‘ನಿಸಾನ್’ ಎನ್ನುತ್ತಿದ್ದರು. 1934ರಲ್ಲಿ ಅವರ ಮೋಟಾರು ಕಂಪನಿಗೂ ಅದೇ ಹೆಸರು ಬಂತು. ಹೀಗೆ ಕಂಪನಿ ನಿಸಾನ್, ಕಾರು ದಟ್ಸನ್. ಒಂದೇ ಮನೆಯಲ್ಲಿ ಎರಡು ಹೆಸರು. ಈ ಇಬ್ಬಂದಿ ಅರ್ಧ ಶತಮಾನ ಕಳೆದ ಮೇಲೆ ದೊಡ್ಡ ಖರ್ಚು ತಂದಿತು. ಆ ಮಾತು ಆಮೇಲೆ.

ಇಲ್ಲಿ ವಿಲಿಯಂ ಗೋರ್ಹಮ್ ಎಂಬ ಅಮೆರಿಕನ್ ಎಂಜಿನಿಯರನ್ನು ನೆನೆಯದೆ ಮುಂದೆ ಹೋಗಲಾಗದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಈತ 1918ರಲ್ಲಿ ಜಪಾನಿಗೆ ಬಂದು, ಮೂರು ಚಕ್ರದ ಗಾಡಿ ಕಟ್ಟಿ, ಐಕಾವಾ ಅವರ ಬಳಗ ಸೇರಿದರು. ಯೊಕೊಹಾಮಾದ ಕಾರ್ಖಾನೆಗೆ ಜೀವ ತುಂಬಿದವರಲ್ಲಿ ಅವರೂ ಒಬ್ಬರು. ಅಮೆರಿಕದ ಗ್ರಹಾಂ-ಪೇಜ್ ಕಂಪನಿಯಿಂದ ಯಂತ್ರಗಳನ್ನೇ ಕೊಂಡು ಹಡಗಿನಲ್ಲಿ ತರಿಸಿದ ಕಾಲ ಅದು. ಯುದ್ಧದ ಮೋಡ ಕವಿದ 1941ರಲ್ಲಿ ಗೋರ್ಹಮ್ ತಾಯ್ನಾಡಿಗೆ ಮರಳಲಿಲ್ಲ. ಜಪಾನಿನ ಪ್ರಜೆಯಾಗಿ, ಜಪಾನೀ ಹೆಸರಿಟ್ಟುಕೊಂಡು ಅಲ್ಲೇ ಉಳಿದರು. ಅಮೆರಿಕಕ್ಕೆ ಕಾರು ಮಾರಲು ಹೊರಟ ಜಪಾನು ಮೊದಲು ಅಮೆರಿಕದಿಂದಲೇ ವಿದ್ಯೆ ತಂದಿತ್ತು ಎನ್ನುವುದನ್ನು ಎರಡೂ ಕಡೆಯವರು ಆಮೇಲೆ ಮರೆತರು.

ಯುದ್ಧ ಮುಗಿದ ಮೇಲೆ ಐಕಾವಾ ಸುಗಾಮೊ ಸೆರೆಮನೆ ಸೇರಿದರು. ಸೊರಗಿದ ಕಂಪನಿ 1952ರಲ್ಲಿ ಬ್ರಿಟನ್ನಿನ ಆಸ್ಟಿನ್ ಜೊತೆ ಒಪ್ಪಂದ ಮಾಡಿಕೊಂಡು ಅವರ ಕಾರನ್ನು ಜೋಡಿಸತೊಡಗಿತು. ಅದೇ ದಶಕದಲ್ಲಿ ನಮ್ಮ ಹಿಂದೂಸ್ತಾನ್ ಮೋಟಾರ್ಸ್ ಕೂಡ ಮಾರಿಸ್ ಕಾರಿನ ಅಚ್ಚನ್ನು ತಂದು ಅಂಬಾಸಿಡರ್ ಮಾಡಿತು. ಜಪಾನೀಯರು ಆಸ್ಟಿನ್ನಿನ ಪ್ರತಿ ತಿರುಪನ್ನೂ ಕಲಿತು ಕೆಲವೇ ವರ್ಷಗಳಲ್ಲಿ ಗುರುವಿಗೆ ಕೈಮುಗಿದು ಹೊರಬಂದರು. ನಾವು 2014ರವರೆಗೂ ಅಂಬಾಸಿಡರ್ ಮಾಡುತ್ತಲೇ ಇದ್ದೆವು. ಹೋಲಿಕೆ ಮುಳ್ಳಿನಂತೆ ಚುಚ್ಚುತ್ತದೆ, ಆದರೂ ಆಡದೆ ಇರಲಾರೆ.

ಇನ್ನು ಕಟಯಾಮಾ. 1909ರಲ್ಲಿ ಹುಟ್ಟಿದ ಅವರ ಹುಟ್ಟುಮನೆಯ ಹೆಸರು ಅಸೊ. ಮದುವೆಯಾದ ಮೇಲೆ ಹೆಂಡತಿಯ ಮನೆತನದ ಹೆಸರನ್ನು ಹೊತ್ತರು. ಅಂಥ ಸಂಪ್ರದಾಯ ಜಪಾನಿನಲ್ಲಿ ಉಂಟು. ಕೆಯೊ ವಿಶ್ವವಿದ್ಯಾಲಯದ ಪದವಿ ಪಡೆದು 1935ರಲ್ಲಿ ನಿಸಾನ್ ಸೇರಿದ ಅವರಿಗೆ ಪ್ರಚಾರ ವಿಭಾಗದ ಕೆಲಸ ಸಿಕ್ಕಿತು. ಅವರಿಗೆ ಕಾರು ಎಂದರೆ ಓಡಿಸುವ ಸುಖ. ಯುದ್ಧಾನಂತರದ ಬಡ ಜಪಾನಿನಲ್ಲಿ, ಜನ ಅಕ್ಕಿಗೆ ಸಾಲು ನಿಂತ ನೆನಪು ಇನ್ನೂ ಹಸಿಯಾಗಿದ್ದಾಗ, ಅವರು ಸ್ಪೋರ್ಟ್ಸ್ ಕಾರಿನ ಸಂಘ ಕಟ್ಟಿದರು. 1952ರಲ್ಲಿ ದಟ್ಸನ್ನಿನ ಮೊದಲ ಪುಟ್ಟ ಸ್ಪೋರ್ಟ್ಸ್ ಕಾರು ಹೊರಬರುವುದಕ್ಕೂ ಹಿಂದೆ ನಿಂತರು. ಆದರೆ 1953ರ ದೀರ್ಘ ಮುಷ್ಕರ ಮುರಿದುಬಿದ್ದ ಮೇಲೆ ಕಂಪನಿಯ ಚುಕ್ಕಾಣಿ ಬ್ಯಾಂಕಿನಿಂದ ಬಂದ ಕಟ್ಸುಜಿ ಕವಮಾಟಾ ಅವರ ಕೈಗೂ, ಅವರ ಜೊತೆ ಹೊಂದಿಕೊಂಡ ಹೊಸ ಕಾರ್ಮಿಕ ಸಂಘದ ಕೈಗೂ ಹೋಯಿತು. ಆ ಎರಡು ಪಾಳೆಯದಲ್ಲಿ ಯಾವುದಕ್ಕೂ ಕಟಯಾಮಾ ಸೇರಲಿಲ್ಲ. ಸೇರದವನಿಗೆ ಕಚೇರಿಯಲ್ಲಿ ಏನಾಗುತ್ತದೆಂದು ಯಾವ ದೇಶದ ಗುಮಾಸ್ತನನ್ನು ಕೇಳಿದರೂ ಹೇಳಿಯಾನು.

ಅವರಿಗೆ ಮೊದಲ ಅವಕಾಶ ಒದಗಿದ್ದು ಅಮೆರಿಕದಲ್ಲಲ್ಲ, ಆಸ್ಟ್ರೇಲಿಯದಲ್ಲಿ. 1958ರಲ್ಲಿ ಆ ಖಂಡವನ್ನು ಒಂದು ಸುತ್ತು ಹಾಕುವ ಮೊಬಿಲ್‌ಗ್ಯಾಸ್ ಸ್ಪರ್ಧೆ ಏರ್ಪಟ್ಟಿತ್ತು: 19 ದಿನ, ಸುಮಾರು 16,000 ಕಿಲೋಮೀಟರ್. ಡಾಂಬರು ಕಂಡ ರಸ್ತೆ ಕಡಿಮೆ, ಕೆಂಪು ಧೂಳು, ಬಂಡೆ, ಒಣಗಿದ ಹಳ್ಳಗಳೇ ಹೆಚ್ಚು. ತಂಡದ ಮುಖ್ಯಸ್ಥರಾಗಿ ಹೋದ ಕಟಯಾಮಾ ಎರಡು ದಟ್ಸನ್ 210 ಕಾರುಗಳನ್ನು ಒಯ್ದರು. ಎಂಜಿನ್ 988 ಸಿಸಿ. ಇವತ್ತಿನ ಸಣ್ಣ ಮೋಟಾರ್ ಸೈಕಲ್‌ಗಳನ್ನು ನೆನೆದರೆ ನಗು ಬರುವಷ್ಟು ಶಕ್ತಿ, ಸುಮಾರು 35 ಅಶ್ವಶಕ್ತಿ. ಒಂದಕ್ಕೆ ‘ಫುಜಿ’ ಎಂದು ಬೆಟ್ಟದ ಹೆಸರು, ಇನ್ನೊಂದಕ್ಕೆ ‘ಸಕುರಾ’ ಎಂದು ಹೂವಿನ ಹೆಸರು. ಜಪಾನಿನ ಗುಂಡಿಬಿದ್ದ ರಸ್ತೆಗಳಲ್ಲಿ ಟ್ಯಾಕ್ಸಿಯಾಗಿ ದುಡಿಯಲೆಂದೇ ಲಾರಿಯಂತೆ ಗಟ್ಟಿಯಾಗಿ ಕಟ್ಟಿದ ಕಾರುಗಳವು. ಸೊಗಸಿಲ್ಲ, ಓಟವಿಲ್ಲ, ಆದರೆ ಮೂಳೆ ಗಟ್ಟಿ. ಆ ಮರುಭೂಮಿಯಲ್ಲಿ ಮೂಳೆಯೇ ಗೆದ್ದಿತು. ಫುಜಿ ತನ್ನ ವರ್ಗದಲ್ಲಿ ಮೊದಲ ಸ್ಥಾನ ಪಡೆಯಿತು. ಸಕುರಾ ಕೂಡ ಗುರಿ ಮುಟ್ಟಿತು. ಆ ಫುಜಿ ಕಾರನ್ನು ನಿಸಾನ್ ಕಂಪನಿ ಇಂದಿಗೂ ಜತನದಿಂದ ಕಾಪಾಡಿಕೊಂಡಿದೆ.

ಅದೇ 1958ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ವಿದೇಶಿ ಕಾರುಗಳ ಪ್ರದರ್ಶನದಲ್ಲಿ ಅದೇ 210 ಅಮೆರಿಕನ್ನರಿಗೆ ಮುಖ ತೋರಿಸಿತ್ತು. ಅಲ್ಲಿ ಮೂಳೆಗೆ ಬೆಲೆಯಿರಲಿಲ್ಲ. ಹೆದ್ದಾರಿಗೆ ಏರುವ ಇಳಿಜಾರಿನಲ್ಲೇ ಕಾರು ಏದುಸಿರು ಬಿಡುತ್ತಿತ್ತು. ಹಿಂದಿನಿಂದ ಡೆಟ್ರಾಯಿಟ್‌ನ ಎಂಟು ಸಿಲಿಂಡರಿನ ಆನೆಗಳು ಹಾರ್ನ್ ಹೊಡೆಯುತ್ತಿದ್ದವು. ಪೂರ್ವತೀರದ ಚಳಿಯಲ್ಲಿ ಬೆಳಿಗ್ಗೆ ಚಾಲೂ ಆಗಲು ಹಠ ಹಿಡಿಯುತ್ತಿತ್ತು. ಆ ವರ್ಷ ಇಡೀ ಅಮೆರಿಕದಲ್ಲಿ ಮಾರಾಟವಾದ ದಟ್ಸನ್‌ಗಳ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಒಂದು ವರ್ಷ ಮೊದಲೇ ಬಂದಿದ್ದ ಟೊಯೋಟಾದ ಕ್ರೌನ್ ಪಾಡೂ ಅಷ್ಟೇ ಆಗಿತ್ತು. ಸಣ್ಣ ಕಾರು ಬೇಕಿದ್ದವರಿಗೆ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಇತ್ತು. ‘ಜಪಾನಿನಲ್ಲಿ ತಯಾರಾದದ್ದು’ ಎಂದರೆ ಆಗ ತಗಡಿನ ಆಟಿಕೆ ಎಂದೇ ಅರ್ಥ. ಸೋತರೆ ಕಂಪನಿಯ ಹೆಸರಿಗೆ ಮಸಿ ಹತ್ತಬಾರದೆಂದೇ ನಿಸಾನ್ ಎಂಬುದನ್ನು ಮರೆಯಲ್ಲಿಟ್ಟು ದಟ್ಸನ್ ಹೆಸರನ್ನು ಮುಂದಕ್ಕೆ ತಳ್ಳಿದರು ಎಂಬ ಮಾತು ಅಂದಿನಿಂದ ಪ್ರಚಾರದಲ್ಲಿದೆ.

1960ರಲ್ಲಿ ಕಟಯಾಮಾ ಅವರನ್ನು ಅಮೆರಿಕಕ್ಕೆ ಕಳಿಸಿದರು. ಕಾಗದದ ಮೇಲೆ ಅದು ಹೊಸ ಹೊಣೆ. ಎಲ್ಲರಿಗೂ ಗೊತ್ತಿದ್ದಂತೆ ಅದು ವನವಾಸ. ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಗಾರ್ಡೀನಾದಲ್ಲಿ ನಿಸಾನ್‌ನ ಅಮೆರಿಕದ ಕಂಪನಿ ನೋಂದಣಿಯಾಯಿತು. ಪಶ್ಚಿಮ ಕಟಯಾಮಾ ಅವರಿಗೆ, ಪೂರ್ವ ಸೊಇಚಿ ಕವಜೊಯೆ ಅವರಿಗೆ. ಅಧ್ಯಕ್ಷ ಪದವಿ ಟೋಕಿಯೊದ ಟಕಾಶಿ ಇಶಿಹಾರಾ ಅವರದು. ಈ ಇಶಿಹಾರಾ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಮುಂದೆ 1965ರಲ್ಲಿ ಆ ಪದವಿ ಕಟಯಾಮಾ ಅವರಿಗೆ ಬಂತು. ಅವರ ಉದ್ದದ ಹೆಸರು ಅಮೆರಿಕನ್ ನಾಲಗೆಗೆ ಸಲೀಸಾಗಿ ಒಗ್ಗಲಿಲ್ಲ. ಎಲ್ಲರಿಗೂ ಅವರು ‘ಮಿಸ್ಟರ್ ಕೆ’ ಆದರು. ಜೀವನದಲ್ಲಿ ಅದು ಅವರ ಮೂರನೆಯ ಹೆಸರು.

ದೊಡ್ಡ ಮಾರಾಟಗಾರರು ದಟ್ಸನ್ ಕಡೆ ತಿರುಗಿ ನೋಡಲಿಲ್ಲ. ಮಿಸ್ಟರ್ ಕೆ ಸಣ್ಣವರ ಬಾಗಿಲು ತಟ್ಟಿದರು: ಹಳೇ ಕಾರು ಮಾರುವವರು, ರಿಪೇರಿ ಗ್ಯಾರೇಜಿನವರು, ಕೈಗೆ ಗ್ರೀಸ್ ಮೆತ್ತಿಕೊಂಡವರು. ಬಿಡಿಭಾಗ ಇಲ್ಲದ ಕಡೆ ಕಾರು ಮಾರಬೇಡಿ ಎನ್ನುವುದು ಅವರ ಕಟ್ಟುನಿಟ್ಟು. ಮೊದಲು ಅವರ ಕೈಹಿಡಿದದ್ದು ಕಾರಲ್ಲ, ಪುಟ್ಟ ಪಿಕಪ್. ಲಾಸ್ ಏಂಜಲೀಸ್ ಸುತ್ತಮುತ್ತ ಶ್ರೀಮಂತರ ಹುಲ್ಲುಹಾಸು ಕತ್ತರಿಸುತ್ತಿದ್ದ ತೋಟಗಾರರಲ್ಲಿ ಬಹಳಷ್ಟು ಮಂದಿ ಜಪಾನೀ ಮೂಲದವರು. ಹುಲ್ಲು ಕತ್ತರಿಸುವ ಯಂತ್ರ, ಕುಂಟೆ, ನೀರಿನ ಕೊಳವೆ ಹೇರಿಕೊಂಡು ಮನೆಯಿಂದ ಮನೆಗೆ ಹೋಗಲು ಅವರಿಗೆ ಇದಕ್ಕಿಂತ ಹದವಾದ ಗಾಡಿ ಇರಲಿಲ್ಲ. ಯುದ್ಧಕಾಲದಲ್ಲಿ ಮುಳ್ಳುತಂತಿಯ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು ಬಂದಿದ್ದ ಆ ಸಮುದಾಯದ ಅಂಗಳದಲ್ಲಿ ಈಗ ದಟ್ಸನ್ ಎಂಬ ಅಕ್ಷರಗಳು ನಿಂತವು.

ಆ ಪಿಕಪ್ಪಿಗೂ ಒಂದು ವಿಚಿತ್ರ ವಿಘ್ನ ಬಂತು. ಅಮೆರಿಕದ ಕೋಳಿಗೆ ಯುರೋಪ್ ಸುಂಕ ಹೇರಿತು. ಸೇಡಿಗೆ ಅಮೆರಿಕ, 1964ರಿಂದ, ಹೊರಗಿನ ಹಗುರ ಟ್ರಕ್ಕುಗಳ ಮೇಲೆ ಶೇ 25ರಷ್ಟು ಸುಂಕ ಹಾಕಿತು. ಕೋಳಿ ಜಗಳದಲ್ಲಿ ಪೆಟ್ಟು ಬಿದ್ದದ್ದು ಏನೂ ಅರಿಯದ ಜಪಾನೀಯರಿಗೆ. ಅವರೂ ಉಪಾಯ ಕಂಡುಕೊಂಡರು: ಹಿಂದಿನ ತೊಟ್ಟಿ ಕಳಚಿ ಬರೀ ಮುಂಭಾಗ ಮತ್ತು ಚಾಸಿ ಕಳಿಸುವುದು, ಅಮೆರಿಕದ ನೆಲದ ಮೇಲೆ ತೊಟ್ಟಿ ಕೂರಿಸುವುದು. 1980ರವರೆಗೂ ಈ ಆಟ ನಡೆಯಿತು.

ಕವಮಾಟಾ ಅವರಿಗೆ ಇಂಗ್ಲಿಷ್ ಸಾಹಿತ್ಯದ, ನಾಟಕದ ಹುಚ್ಚು. ಕಾರುಗಳಿಗೆ ಅವರು ಇಟ್ಟ ಹೆಸರುಗಳನ್ನು ನೋಡಿ: ಬ್ಲೂಬರ್ಡ್, ಸೆಡ್ರಿಕ್, ಫೇರ್‌ಲೇಡಿ. ಕೊನೆಯದಂತೂ ‘ಮೈ ಫೇರ್ ಲೇಡಿ’ ಸಂಗೀತ ನಾಟಕ ನೋಡಿ ಮನಸೋತು ಇಟ್ಟದ್ದು ಎನ್ನುತ್ತಾರೆ. ಟೋಕಿಯೊದಲ್ಲಿ ಇವು ಸುಸಂಸ್ಕೃತ ಹೆಸರುಗಳು. ಕ್ಯಾಲಿಫೋರ್ನಿಯದಲ್ಲಿ, ತೋಳು ಮಡಚಿ ಗೇರು ಹಾಕುವ ಹುಡುಗರ ನಡುವೆ, ನಗೆಪಾಟಲು. ಮಿಸ್ಟರ್ ಕೆ ಹೆಸರುಗಳನ್ನು ಬದಿಗಿಟ್ಟು ಕಾರ್ಖಾನೆಯ ಅಂಕಿಗಳನ್ನೇ ಮುಂದಿಟ್ಟರು: 310, 410, 510. ಅಧ್ಯಕ್ಷರ ಅಭಿರುಚಿಯನ್ನು ಹೀಗೆ ಅಂಕಿಯಲ್ಲಿ ಮುಚ್ಚಿದವನನ್ನು ಮುಖ್ಯ ಕಚೇರಿ ಪ್ರೀತಿಸುವುದು ಕಷ್ಟವೇ.

510ರ ಹಿಂದೆ ದೊಡ್ಡ ಪತ್ರಸಮರವೇ ಇತ್ತು. ಸಣ್ಣ ಎಂಜಿನ್ ಅಮೆರಿಕದ ಹೆದ್ದಾರಿಗೆ ಸಾಲದು, 1600 ಸಿಸಿ ಬೇಕೇ ಬೇಕು ಎಂದು ಕಟಯಾಮಾ ಹಿಡಿದ ಪಟ್ಟು ಬಿಡಲಿಲ್ಲ. 1967ರ ಶರತ್ಕಾಲದಲ್ಲಿ ಬಂದ ಆ ಕಾರಿಗೆ ತಲೆಯ ಮೇಲೆ ಕ್ಯಾಮ್ ಇರುವ 1,595 ಸಿಸಿ ಎಂಜಿನ್, ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್. ಆಗ ಇಂಥದ್ದು ಸಿಗುತ್ತಿದ್ದುದು ದುಬಾರಿ ಜರ್ಮನ್ ಕಾರುಗಳಲ್ಲಿ. ಬೆಲೆ 2,000 ಡಾಲರಿಗೆ ನಾಲ್ಕು ಡಾಲರ್ ಕಡಿಮೆ. ಬಡವರ ಬಿಎಂಡಬ್ಲ್ಯು ಎಂದು ಪತ್ರಿಕೆಗಳು ಕೊಂಡಾಡಿದವು. ಪೀಟ್ ಬ್ರಾಕ್ ಕಟ್ಟಿದ ತಂಡದಲ್ಲಿ ಜಾನ್ ಮಾರ್ಟನ್ 510 ಓಡಿಸಿ, 1971 ಮತ್ತು 1972ರ ಟ್ರಾನ್ಸ್-ಆ್ಯಮ್ ಸಣ್ಣ ಕಾರುಗಳ ಪಂದ್ಯಾವಳಿಯಲ್ಲಿ ಸತತ ಕಿರೀಟ ಗೆದ್ದರು. ಹಾಲಿವುಡ್ ನಟ ಪಾಲ್ ನ್ಯೂಮನ್ ಕೂಡ ಮುಂದೆ ದಟ್ಸನ್ ಏರಿ ಪಂದ್ಯಕ್ಕಿಳಿದರು. ಆಟಿಕೆ ಎಂಬ ಮಾತು ಅಲ್ಲಿಗೆ ನಿಂತಿತು.

ಆಮೇಲೆ ಬಂತು ಝಡ್. ಯೊಶಿಹಿಕೊ ಮಟ್ಸುವೊ ನೇತೃತ್ವದ ವಿನ್ಯಾಸಕರು ಟೋಕಿಯೊದಲ್ಲಿ ರೂಪಿಸಿದ ಆ ಕಾರಿಗೆ ಉದ್ದನೆಯ ಮೂಗು, ಹಿಂದಕ್ಕೆ ಸರಿದು ಕೂತ ಇಬ್ಬರ ಆಸನ, ಬಾಲದವರೆಗೆ ಒಂದೇ ಗೆರೆಯಲ್ಲಿ ಇಳಿಯುವ ಛಾವಣಿ. ಒಳಗೆ ಆರು ಸಿಲಿಂಡರಿನ 2,400 ಸಿಸಿ ಎಂಜಿನ್. ಅಂಥ ಮೈಮಾಟ ಬೇಕೆಂದರೆ ಅಲ್ಲಿಯವರೆಗೆ ಜಾಗ್ವಾರ್‌ನ ಬೆಲೆ ತೆರಬೇಕಿತ್ತು, ಇಲ್ಲವೇ ಮಳೆಯಲ್ಲಿ ಸೋರುವ, ಬೆಳಿಗ್ಗೆ ಮುನಿಸಿಕೊಳ್ಳುವ ಬ್ರಿಟಿಷ್ ಕಾರುಗಳ ಜೊತೆ ಏಗಬೇಕಿತ್ತು. ಮಿಸ್ಟರ್ ಕೆ ಕೇಳಿದ್ದು ಅದೇ ಚೆಲುವು, ಆದರೆ ದಿನಾ ಕಚೇರಿಗೆ ಹೋಗಿ ಬರುವಷ್ಟು ನಂಬಿಕೆ. 1969ರ ಅಕ್ಟೋಬರಿನಲ್ಲಿ ಕಾರು ಲೋಕಕ್ಕೆ ಕಾಣಿಸಿತು. ಅಮೆರಿಕದಲ್ಲಿ ಬೆಲೆ 3,526 ಡಾಲರ್.

ಜಪಾನಿನಲ್ಲಿ ಅದರ ಹೆಸರು ಫೇರ್‌ಲೇಡಿ ಝಡ್. ಅಮೆರಿಕಕ್ಕೆ ಹಡಗಿನಲ್ಲಿ ಬಂದ ಮೊದಲ ಕಾರುಗಳ ಮೈಮೇಲೂ ಅದೇ ಅಕ್ಷರಗಳಿದ್ದವಂತೆ. ಕಟಯಾಮಾ ಬದುಕಿನ ಕಥೆಯನ್ನು ಯಾರೇ ಹೇಳಲಿ, ಈ ಗಳಿಗೆಯಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಬಿಳಿಯ ಲೋಹದ ಪುಟ್ಟ ಅಕ್ಷರಗಳು, ಕೆಳಗೆ ಇನ್ನೂ ಮಾಸದ ಬಣ್ಣ. ಅವನ್ನು ಮೀಟಿ ಕಿತ್ತು, ಆ ಜಾಗದಲ್ಲಿ ಕಾರ್ಖಾನೆಯ ಅಂಕಿ ಅಕ್ಷರಗಳಿಂದಲೇ ಕಟ್ಟಿದ ‘240ಝಡ್’ ಎಂಬ ಫಲಕ ಕೂರಿಸಿದರು. ಟೋಕಿಯೊದ ಒಪ್ಪಿಗೆಗೆ ಕಾಯುತ್ತ ಕೂರಲಿಲ್ಲ. ಅಧ್ಯಕ್ಷರು ಇಟ್ಟ ಹೆಸರನ್ನು ಒಬ್ಬ ಉದ್ಯೋಗಿ ಸ್ಕ್ರೂಡ್ರೈವರ್ ತುದಿಯಿಂದ ತೆಗೆದುಹಾಕುವುದು ಆ ಕಾಲದ ಜಪಾನೀ ಕಂಪನಿಯಲ್ಲಿ ರಾಜದ್ರೋಹಕ್ಕೆ ಸಮ. ದ್ರೋಹ ಫಲಿಸಿತು. ಗ್ರಾಹಕರು ತಿಂಗಳುಗಟ್ಟಲೆ ಸಾಲಿನಲ್ಲಿ ಕಾದರು, ನಿಗದಿತ ಬೆಲೆಯ ಮೇಲೆ ಕೈಯಿಂದ ಇನ್ನಷ್ಟು ಕೊಟ್ಟು ಕೊಂಡರು. ಆ ಮೊದಲ ತಲೆಮಾರಿನ ಝಡ್ 1978ರವರೆಗೆ ನಡೆದು, ಜಗತ್ತಿನಾದ್ಯಂತ ಐದು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಇಷ್ಟು ಸಂಖ್ಯೆಯಲ್ಲಿ ಸ್ಪೋರ್ಟ್ಸ್ ಕಾರೊಂದು ಮಾರಾಟವಾಗುವುದನ್ನು ಜಗತ್ತು ಅಲ್ಲಿಯವರೆಗೆ ಹೆಚ್ಚಾಗಿ ಕಂಡಿರಲಿಲ್ಲ.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ತಡೆದವು. ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲು. ಕಡಿಮೆ ಕುಡಿದು ಹೆಚ್ಚು ಓಡುವ ದಟ್ಸನ್‌ಗಳಿಗೆ ಆಮೇಲೆ ಜಾಹೀರಾತೇ ಬೇಕಿರಲಿಲ್ಲ, ಆದರೂ ಮಾಡಿದರು. ಹದಿನೈದು ವರ್ಷದ ಹಿಂದೆ ನೂರು ಕಾರು ಮಾರಲಾಗದ ಹೆಸರು ಈಗ ಲಕ್ಷಗಳಲ್ಲಿ ಎಣಿಸುತ್ತಿತ್ತು.

ಇಷ್ಟು ಗೆದ್ದವರಿಗೆ ಏನು ಸಿಕ್ಕಿತು? 1977ರಲ್ಲಿ ಕಟಯಾಮಾ ಅವರನ್ನು ಊರಿಗೆ ಕರೆಸಿಕೊಂಡು ನಿವೃತ್ತಿ ಕೊಟ್ಟರು. ಟೋಕಿಯೊದ ಆಡಳಿತ ಮಂಡಳಿಯ ಬಾಗಿಲು ಅವರಿಗೆ ತೆರೆಯಲಿಲ್ಲ. ಅದೇ ವರ್ಷ ಕಂಪನಿಯ ಅಧ್ಯಕ್ಷ ಪೀಠ ಏರಿದವರು ಟಕಾಶಿ ಇಶಿಹಾರಾ.

ಇಶಿಹಾರಾ ದಕ್ಷರು, ದೂರದೃಷ್ಟಿಯುಳ್ಳವರು, ಅದರಲ್ಲಿ ಅನುಮಾನವಿಲ್ಲ. ಟೆನೆಸಿ ರಾಜ್ಯದ ಸ್ಮರ್ನಾದಲ್ಲಿ ಕಾರ್ಖಾನೆ ಕಟ್ಟಿದ್ದು ಅವರ ಕಾಲದಲ್ಲೇ. 1983ರ ಜೂನ್‌ನಲ್ಲಿ ಅಲ್ಲಿಂದ ಮೊದಲ ಪಿಕಪ್ ಹೊರಬಂತು. ಡೆಟ್ರಾಯಿಟ್‌ನ ಕಾರ್ಮಿಕರು ಜಪಾನೀ ಕಾರುಗಳನ್ನು ಸುತ್ತಿಗೆಯಿಂದ ಜಜ್ಜುತ್ತಿದ್ದ, 1981ರಿಂದ ಜಪಾನ್ ತಾನಾಗಿಯೇ ರಫ್ತನ್ನು ವರ್ಷಕ್ಕೆ 16 ಲಕ್ಷ 80 ಸಾವಿರ ಕಾರುಗಳಿಗೆ ಇಳಿಸಿಕೊಂಡಿದ್ದ ದಿನಗಳವು. ಅಲ್ಲಿನ ನೆಲದಲ್ಲೇ ಕಾರು ಮಾಡುವುದು ಜಾಣತನ. ಆದರೆ ಅದೇ 1981ರಲ್ಲಿ ಇನ್ನೊಂದು ಘೋಷಣೆಯೂ ಹೊರಬಿತ್ತು. ಇನ್ನು ಮುಂದೆ ಜಗತ್ತಿನೆಲ್ಲೆಡೆ ಒಂದೇ ಹೆಸರು, ನಿಸಾನ್. ದಟ್ಸನ್ ಇರುವುದಿಲ್ಲ.

ತರ್ಕ ಸರಿಯೇ ಇತ್ತು. ಟೊಯೋಟಾ ಎಂದರೆ ಕಂಪನಿಯೂ ಹೌದು ಕಾರೂ ಹೌದು, ಹೊಂಡಾವೂ ಹಾಗೆಯೇ. ನಿಸಾನ್ ಎಂದರೆ ಮಾತ್ರ ಅಮೆರಿಕದ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಆ ಬೀದಿಯ ಜನ ಪ್ರೀತಿಸಿದ್ದು ಬೇರೆ ಹೆಸರನ್ನು. ಊರಿನ ಹೆಸರನ್ನು ಸರ್ಕಾರ ಬದಲಾಯಿಸಿದರೂ ಬಸ್ಸಿನ ಕಂಡಕ್ಟರ್ ಹಳೆಯದನ್ನೇ ಕೂಗುತ್ತಾನಲ್ಲ, ಹಾಗಾಯಿತು. ಸುಮಾರು 1,100 ಮಾರಾಟ ಮಳಿಗೆಗಳ ಫಲಕ ಇಳಿಸಿ ಹೊಸದು ಏರಿಸಲು 3 ಕೋಟಿ ಡಾಲರ್, ‘ಹೆಸರು ನಿಸಾನ್’ ಎಂದು ಸಾರುವ ಜಾಹೀರಾತಿಗೆ ಸುಮಾರು 20 ಕೋಟಿ ಡಾಲರ್ ಎಂದು ಬ್ರ್ಯಾಂಡ್ ಶಾಸ್ತ್ರದ ಪ್ರಾಧ್ಯಾಪಕ ಡೇವಿಡ್ ಆಕರ್ ಲೆಕ್ಕ ಕೊಟ್ಟಿದ್ದಾರೆ. ಐದು ವರ್ಷ ಕಳೆದ ಮೇಲೂ ಜನಕ್ಕೆ ಹೆಚ್ಚು ಪರಿಚಿತವಾಗಿ ಉಳಿದಿದ್ದದ್ದು ದಟ್ಸನ್ನೇ. ಕೆಲವು ವರ್ಷ ಕಾರಿನ ಹಿಂಬದಿಯಲ್ಲಿ ಎರಡೂ ಹೆಸರು ಒಟ್ಟಿಗೆ ಇದ್ದವು: ದಟ್ಸನ್ ದೊಡ್ಡದು, ನಿಸಾನ್ ಸಣ್ಣದು; ಆಮೇಲೆ ಅದಲುಬದಲು; ಎಂಬತ್ತರ ದಶಕದ ನಡುಭಾಗಕ್ಕೆ ದಟ್ಸನ್ ಪೂರ್ತಿ ಮಾಯ. ಹಿಂದೊಮ್ಮೆ ಮಿಸ್ಟರ್ ಕೆ ಒಂದು ಹೆಸರು ಕಿತ್ತಿದ್ದರು. ಈಗ ಕಂಪನಿ ಅವರು ಕಟ್ಟಿದ ಹೆಸರನ್ನು ಕಿತ್ತಿತು.

ಟೋಕಿಯೊ ಮರೆತ ಮನುಷ್ಯನನ್ನು ಅಮೆರಿಕ ಮರೆಯಲಿಲ್ಲ. ಝಡ್ ಅಭಿಮಾನಿಗಳ ಕೂಟಗಳಿಗೆ ಅವರು ಬಂದರೆ, ನರೆತ ಅಮೆರಿಕನ್ನರು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಸಹಿ ಹಾಕಿಸಿಕೊಳ್ಳಲು ಸಾಲುಗಟ್ಟುತ್ತಿದ್ದರು. 1996ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಝಡ್ ಮರೆಯಾಯಿತು. ಅದೇ ವರ್ಷ, ಕಂಗೆಟ್ಟ ನಿಸಾನ್ ತನ್ನ ಟಿವಿ ಜಾಹೀರಾತಿಗೆ ಟೋಪಿ ತೊಟ್ಟ, ನಾಯಿ ಜೊತೆಗಿಟ್ಟುಕೊಂಡ, ನಗುಮುಖದ ಜಪಾನೀ ಮುದುಕನೊಬ್ಬನ ಪಾತ್ರವನ್ನು ತಂದಿತು. ವೇಷ ನಟನದು; ಪಾತ್ರ ಮಿಸ್ಟರ್ ಕೆ ಅವರದು. ಹಳೆಯ 240ಝಡ್‌ಗಳನ್ನು ಹುಡುಕಿ ಕೊಂಡು, ಹೊಸದರಂತೆ ಕಟ್ಟಿಸಿ, ಹಲವು ಪಟ್ಟು ಬೆಲೆಗೆ ಕಂಪನಿಯೇ ಮತ್ತೆ ಮಾರಿತು. 1998ರಲ್ಲಿ ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿತು. ಜಪಾನಿನ ಅಂಥದೇ ಸಂಸ್ಥೆಗೆ ಅವರ ನೆನಪಾಗಲು ಇನ್ನೂ ಹತ್ತು ವರ್ಷ ಹಿಡಿಯಿತು.

2013ರ ಜುಲೈನಲ್ಲಿ ದಿಲ್ಲಿಯ ವೇದಿಕೆಯೊಂದರಲ್ಲಿ ನಿಸಾನ್ ಮುಖ್ಯಸ್ಥ ಕಾರ್ಲೋಸ್ ಘೋನ್ ದಟ್ಸನ್ ಹೆಸರನ್ನು ಎಬ್ಬಿಸಿ ನಿಲ್ಲಿಸಿದರು. ಚೆನ್ನೈ ಹತ್ತಿರದ ಒರಗಡಂನಲ್ಲಿ ತಯಾರಾದ ದಟ್ಸನ್ ಗೊ ಬೆಂಗಳೂರಿನ ರಸ್ತೆಗಳಿಗೂ ಬಂತು. ಕೊಂಡವರಿಗೆ ಅದು ಅಗ್ಗದ ಕಾರು, ಅಷ್ಟೇ. ಗಾರ್ಡೀನಾದ ಕಥೆ ಇಲ್ಲಿ ಯಾರಿಗೂ ಬೇಕಿರಲಿಲ್ಲ. ಆಗ 103 ವರ್ಷದ ಕಟಯಾಮಾ ಇನ್ನೂ ಬದುಕಿದ್ದರು. 2015ರ ಫೆಬ್ರುವರಿ 19ರಂದು, 105ನೆಯ ವಯಸ್ಸಿನಲ್ಲಿ ತೀರಿಕೊಂಡರು. 2022ರಲ್ಲಿ ದಟ್ಸನ್ ಎರಡನೆಯ ಸಲ ಅಸ್ತವಾಯಿತು. ಈ ಬಾರಿ ಯಾರೂ ಅಷ್ಟಾಗಿ ಮರುಗಲಿಲ್ಲ.

ಅದೇ ವರ್ಷ ಅಮೆರಿಕದಲ್ಲಿ ನಿಸಾನ್ ಹೊಸ ಸ್ಪೋರ್ಟ್ಸ್ ಕಾರು ಮಾರಾಟಕ್ಕಿಟ್ಟಿತು. ಹೆಸರಿನಲ್ಲಿ ಅಂಕಿಯೂ ಇಲ್ಲ, ಬರೀ ಝಡ್. ಜಪಾನಿನಲ್ಲಿ ಮಾತ್ರ ಅದು ಈಗಲೂ ಫೇರ್‌ಲೇಡಿ ಝಡ್.